ಕೈಗಡಿಯಾರದ ಇಸಿಜಿ: ಉಡುಪಿಯ ಮನೆಯೊಂದರ ಅನುಭವ

ಆಗಾಗ ಎದೆಬಡಿತ ತಾಳ ತಪ್ಪುತ್ತಿದೆ ಎನ್ನುತ್ತಿದ್ದ ತಂದೆಯವರಿಗಾಗಿ ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆ) ಸೌಲಭ್ಯವಿರುವ ಸ್ಮಾರ್ಟ್‌ವಾಚ್ ಒಂದನ್ನು ಉಡುಪಿಯಲ್ಲಿ ಖರೀದಿಸಿದೆವು. ವಾಚಿನ ಹಿಂಬದಿಯ ಹಸಿರು ಬೆಳಕು ರಕ್ತದ ಹರಿವಿನ ಏರಿಳಿತದಿಂದ ನಾಡಿಯನ್ನು ಗುರುತಿಸುತ್ತದೆ. ಇನ್ನೊಂದು ಕೈಯ ಬೆರಳನ್ನು ಗುಂಡಿಯ ಮೇಲೆ 30 ಸೆಕೆಂಡ್ ಇಟ್ಟರೆ ಇಸಿಜಿ ದಾಖಲಾಗಿ ಮೊಬೈಲಿಗೆ ಬರುತ್ತದೆ.

ಏಟ್ರಿಯಲ್ ಫಿಬ್ರಿಲೇಶನ್ ಎಂಬ, ಎದೆಬಡಿತದ ತಾಳ ತಪ್ಪಿಸುವ ಲಯದೋಷವು ಹಲವರಲ್ಲಿ ಬಂದುಹೋಗುವ ಸ್ವಭಾವದ್ದಾದ್ದರಿಂದ, ರೋಗಿ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲವೂ ಸರಿಯಾಗಿ ಕಾಣುವುದುಂಟು. ತೊಂದರೆಯಾದ ಕ್ಷಣದಲ್ಲೇ ಮನೆಯಲ್ಲಿ ತೆಗೆದ ದಾಖಲೆ ವೈದ್ಯರಿಗೆ ನಿಜಕ್ಕೂ ನೆರವಾಗುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಇಸಿಜಿಯನ್ನು ವಾಟ್ಸ್ಆ್ಯಪ್ ಮೂಲಕ ತರಿಸಿಕೊಂಡು ಸಲಹೆ ನೀಡುವ ವ್ಯವಸ್ಥೆ ಕಟ್ಟಿದ್ದನ್ನು ಕಂಡವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ. ಆದರೆ ಆಸ್ಪತ್ರೆಯ ಇಸಿಜಿ ಹೃದಯವನ್ನು 12 ಕೋನಗಳಿಂದ ನೋಡಿದರೆ, ಈ ವಾಚು ಒಂದೇ ಕೋನದಿಂದ ನೋಡುತ್ತದೆ. ಹೃದಯಾಘಾತವನ್ನು ಇದು ಪತ್ತೆ ಮಾಡಲಾರದು. ಎದೆನೋವು ಬಂದಾಗ ಪರದೆಯಲ್ಲಿ ಏನೇ ಬರೆದಿರಲಿ, ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು. ಅಂಗಡಿಯವರು ಮಾರುವಾಗಲೇ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ.

ಕರಾವಳಿಯ ಬೇಸಿಗೆಯಲ್ಲಿ ಬೆವರಿನಿಂದ ಪಟ್ಟಿ ಜಾರಿ ನಾಡಿಯ ಲೆಕ್ಕ ತಪ್ಪುತ್ತದೆ. ಪ್ರತಿದಿನ ಚಾರ್ಜ್ ಮಾಡಬೇಕು. ಆ್ಯಪಿನಲ್ಲಿ ಕನ್ನಡವಿಲ್ಲದಿರುವುದು ಹಿರಿಯರ ಮಟ್ಟಿಗೆ ದೊಡ್ಡ ಕೊರತೆ. ವೈದ್ಯರು ಲಯದೋಷದ ಸಂಶಯ ವ್ಯಕ್ತಪಡಿಸಿದ್ದರೆ ಮತ್ತು ದಾಖಲೆಯನ್ನು ಅವರಿಗೆ ಕಳುಹಿಸಿಕೊಡುವವರು ಮನೆಯಲ್ಲಿದ್ದರೆ ಮಾತ್ರ ಇದನ್ನು ಕೊಳ್ಳಿ.