ಸಿರುಗುಪ್ಪದ ಬಿಸಿಲಿಗೆ ತಡೆದ ತಾಡಪತ್ರಿ

ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ಹೋದ ವರ್ಷ ಮೆಣಸಿನಕಾಯಿ ಸುಗ್ಗಿಗೆ ಮುಂಚೆ ಕೊಂಡ ಎಚ್‌ಡಿಪಿಇ (ಗಟ್ಟಿ ಜಾತಿಯ ಪಾಲಿಥಿಲೀನ್ ಪ್ಲಾಸ್ಟಿಕ್) ತಾಡಪತ್ರಿಯ ಬಗ್ಗೆ ಬರೆಯುತ್ತಿದ್ದೇನೆ. ಅಳತೆ 24 ಅಡಿಗೆ 18 ಅಡಿ, 250 ಜಿಎಸ್‌ಎಂ (ಚದರ ಮೀಟರ್‌ಗೆ 250 ಗ್ರಾಂ ತೂಕ), ಒಂದು ಬದಿ ಕಪ್ಪು, ಇನ್ನೊಂದು ಬದಿ ಹಸಿರು. ಬೆಲೆ ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ. ಹೋದ ವರ್ಷದ ಸುಗ್ಗಿ, ಅದರ ನಂತರದ ಬೇಸಿಗೆ, ಭತ್ತದ ರಾಶಿ, ಈ ವರ್ಷದ ಮೆಣಸಿನಕಾಯಿ ಎಲ್ಲಾ ಇದರ ಮೇಲೆಯೇ ಆದವು. ಇನ್ನೂ ಗಟ್ಟಿಯಾಗಿದೆ. ಕೊಳ್ಳಬಹುದು. ಆದರೆ ನೋಡಲು ಥೇಟ್ ಇದೇ ಥರದ ಮಾಲು ಅದೇ ರಸ್ತೆಯಲ್ಲಿ ಐನೂರು ಆರುನೂರು ಕಡಿಮೆಗೂ ಸಿಗುತ್ತದೆ. ಹೆಚ್ಚು ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂದು ತಿಳಿಯದೆ ಕೊಂಡರೆ ರೈತನಿಗೆ ನಷ್ಟ.

ಹೊಲಕ್ಕೆ ಮರಳುವ ಮುಂಚೆ ನಾನು ಚೀಲದ ಕಾರ್ಖಾನೆಯಲ್ಲಿ ಟೇಪ್ ಪ್ಲಾಂಟ್ ನಡೆಸುತ್ತಿದ್ದೆ. ದಾನಾ, ಅಂದರೆ ಪ್ಲಾಸ್ಟಿಕ್ ಕಾಳು, ಕರಗಿಸಿ ಹಾಳೆ ಎಳೆದು, ಬ್ಲೇಡಿನಿಂದ ಸಣ್ಣ ಪಟ್ಟಿಗಳಾಗಿ ಸೀಳಿ, ಬಿಸಿ ಮಾಡಿ ಐದಾರು ಪಟ್ಟು ಉದ್ದಕ್ಕೆ ಎಳೆಯುವ ಕೆಲಸ ಅದು. ಹಾಗೆ ಎಳೆದಾಗಲೇ ಪಟ್ಟಿಗೆ ಬಲ ಬರುವುದು. ಆಮೇಲೆ ಲೂಮ್‌ನಲ್ಲಿ ನೇಯ್ಗೆ. ತಾಡಪತ್ರಿಯಾದರೆ ಆ ನೇಯ್ಗೆಯ ಎರಡೂ ಬದಿಗೆ ಎಲ್‌ಡಿಪಿಇ (ಮೆತ್ತನೆ ಜಾತಿಯ ಪಾಲಿಥಿಲೀನ್) ಲ್ಯಾಮಿನೇಷನ್, ಅಂದರೆ ತೆಳು ಹೊದಿಕೆ. ಇದಕ್ಕೆ ಪಟ್ಟಿ ಎಳೆಯಲೆಂದೇ ಇರುವ ರಾಫಿಯಾ ದರ್ಜೆಯ ದಾನಾ ಬೇಕು, ಎಂಎಫ್‌ಐ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವ ಅಂಕಿ) 1ರ ಆಸುಪಾಸಿನದು. ಬಕೆಟ್, ಕ್ರೇಟ್ ಮಾಡುವ ದಾನಾದ ಎಂಎಫ್‌ಐ 8, 18 ಹೀಗೆ ಇರುತ್ತದೆ. ಅದು ಅಚ್ಚಿನಲ್ಲಿ ಸಲೀಸಾಗಿ ಹರಿಯುತ್ತದೆ, ಪಟ್ಟಿಯಾಗಿ ಎಳೆದರೆ ಮಾತ್ರ ಬಲ ಹಿಡಿಯುವುದಿಲ್ಲ. ಹಳೆ ಪ್ಲಾಸ್ಟಿಕ್ ಕರಗಿಸಿದ ರೀಪ್ರೊಸೆಸ್ ದಾನಾ ಬೆರೆಸಿದರೂ ಅಷ್ಟೇ. ಒಮ್ಮೆ ಬಿಸಿಲು ಕಂಡು ಬಂದ ಮಾಲಿನಲ್ಲಿ ಕೆಡುವ ಕೆಲಸ ಆಗಲೇ ಶುರುವಾಗಿರುತ್ತದೆ.

ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಯುವಿ, ಅಂದರೆ ಅತಿನೇರಳೆ ಕಿರಣ. ಮಾರ್ಚ್‌ನಿಂದ ಮೇವರೆಗೆ ಸಿರುಗುಪ್ಪ, ಸಿಂಧನೂರು, ರಾಯಚೂರು ಕಡೆಯ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಎಷ್ಟೋ ದಿನ ದಾಟುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ, ಗಾಳಿಯ ಆಮ್ಲಜನಕ ಆ ತುಂಡುಗಳ ಮೇಲೆ ಬೀಳುತ್ತದೆ, ಅಲ್ಲಿಂದ ಮುಂದೆ ಒಂದರಿಂದ ಇನ್ನೊಂದು ಹಾಳಾಗುತ್ತಾ ಹೋಗುತ್ತದೆ. ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಚೀಲಕ್ಕೆ ಇದು ಇನ್ನೂ ಬೇಗ ತಗಲುತ್ತದೆ. ಅದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಅಂಟಿಕೊಂಡ ಹೈಡ್ರೋಜನ್ ಸುಲಭವಾಗಿ ಕಳಚುವಂಥದ್ದು. ಯೂರಿಯಾ ಚೀಲವನ್ನು ಬೇಲಿ ಮೇಲೆ ಹಾಕಿ ಮರೆತ ಮನೆಗಳಲ್ಲಿ ನೋಡಿ, ಬೇಸಿಗೆ ಮುಗಿಯುವಷ್ಟರಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಪಾಲಿಥಿಲೀನ್ ತುಸು ತಾಳುತ್ತದೆ, ಆದರೆ ಔಷಧಿ ಹಾಕದಿದ್ದರೆ ಅದರ ಹಣೆಬರಹವೂ ಅದೇ.

ಆ ಔಷಧಿಯ ಹೆಸರು ಹಾಲ್ಸ್. ‘ಯುವಿ ಹಾಕಿದ ಮಾಲು’ ಎಂದರೆ ಇಂಥ ಔಷಧಿ ಬೆರೆಸಿದ್ದು. ದಾನಾ ಜೊತೆಗೆ ಮಾಸ್ಟರ್‌ಬ್ಯಾಚ್ (ಔಷಧಿ ತುಂಬಿದ ಕಾಳು) ರೂಪದಲ್ಲಿ ನೂರು ಕೆಜಿಗೆ ಒಂದೆರಡು ಕೆಜಿ ಬೆರೆಸುತ್ತಾರೆ. ಬೆಳಕನ್ನು ಹೀರಿಕೊಳ್ಳುವ ಬೇರೆ ಥರದ ಯುವಿ ಪುಡಿಗಳೂ ಇವೆ. ಆದರೆ ಅವು ಕೆಲಸ ಮಾಡಬೇಕಾದರೆ ದಪ್ಪ ಬೇಕು, ನಮ್ಮ ಪಟ್ಟಿಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಅಷ್ಟು ತೆಳುವಿನಲ್ಲಿ ಹೀರಲು ಜಾಗವಿಲ್ಲ. ಹಾಲ್ಸ್ ಬೆಳಕನ್ನು ತಡೆಯುವುದಿಲ್ಲ, ಸರಪಳಿ ತುಂಡಾದ ಜಾಗದಲ್ಲಿ ಹುಟ್ಟುವ ಚುರುಕು ತುಣುಕುಗಳನ್ನು ಹಿಡಿದು ಸುಮ್ಮನಾಗಿಸುತ್ತದೆ, ಮತ್ತೆ ತಾನು ಮೊದಲಿನ ರೂಪಕ್ಕೆ ಬಂದು ಅದೇ ಕೆಲಸಕ್ಕೆ ನಿಲ್ಲುತ್ತದೆ. ಅದಕ್ಕೇ ಇಷ್ಟು ಸ್ವಲ್ಪ ಹಾಕಿದರೂ ವರ್ಷಗಟ್ಟಲೆ ಕಾಯುತ್ತದೆ. ನನಗೆ ಆ ಕಾರ್ಖಾನೆಯಲ್ಲಿ ಅತಿ ಹೆಚ್ಚು ಗೌರವ ಇದ್ದದ್ದು ಈ ಒಂದು ವಸ್ತುವಿನ ಮೇಲೆ.

ದುಬಾರಿಯೂ ಅದೇ. ಬೆಲೆ ಇಳಿಸಬೇಕೆಂದವರು ಮೊದಲು ಕೈ ಹಾಕುವುದು ಅಲ್ಲಿಗೆ. ಹೊಸ ಮಾಲಿನ ಮೇಲೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ದಾರಿ, ಲ್ಯಾಮಿನೇಷನ್‌ಗೆ ಮಾತ್ರ ಹಾಲ್ಸ್ ಹಾಕಿ ಒಳಗಿನ ನೇಯ್ಗೆಗೆ ಹಾಕದೆ ಬಿಡುವುದು. ಮೇಲಿನ ಪದರ ಬೆಳಕನ್ನು ಒಳಗೆ ಬಿಡುತ್ತದಲ್ಲ, ಒಳಗಿನ ಪಟ್ಟಿಯೇ ಮೊದಲು ಸಾಯುತ್ತದೆ. ತಾಡಪತ್ರಿ ನೋಡಲು ಚೆನ್ನಾಗಿರುತ್ತದೆ, ನಾಲ್ಕು ಜನ ಹಿಡಿದು ರಾಶಿ ಎತ್ತಿದರೆ ನಡುವೆ ಸೀಳುತ್ತದೆ. ನಮ್ಮ ಅಣ್ಣನ ಮನೆಗೆ ಸಂತೆಯಿಂದ ಬಂದ ನೀಲಿ ತಾಡಪತ್ರಿ ಹೀಗೇ ಆಯಿತು. ಸೀಳಿದ್ದಕ್ಕಿಂತ ಕೆಟ್ಟದ್ದು, ಉದುರಿದ ನೀಲಿ ಚೂರುಗಳು ಮೆಣಸಿನಕಾಯಿಯಲ್ಲಿ ಸೇರಿಕೊಂಡವು. ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಕಾಯಿಯಲ್ಲಿ ಪ್ಲಾಸ್ಟಿಕ್ ಚೂರು ಕಂಡರೆ ಖರೀದಿದಾರ ದರ ಇಳಿಸದೆ ಬಿಡುತ್ತಾನೆಯೇ? ಅತ್ತಿಗೆ ಮತ್ತು ಕೂಲಿಯವರು ಕೂತು ಆರಿಸಿ ತೆಗೆದರು.

ಈಗ ಅಂಗಡಿಯ ವಿಚಾರ. ನಾನು ಕೇಳಿದ ಮೊದಲ ಮಾತು, "ಯಜಮಾನ್ರೆ, ಪಟ್ಟಿಗೂ ಯುವಿ ಹಾಕ್ಯಾರೋ, ಬರೇ ಲ್ಯಾಮಿನೇಷನ್‌ಗಷ್ಟೇನೋ?" ಅವರು ಮೊದಲು ಎಲ್ಲರ ಹಾಗೆ "ಗ್ಯಾರಂಟಿ ಮಾಲ್ರಿ" ಅಂದರು. ಪುನಃ ಕೇಳಿದಾಗ ಒಳಗೆ ಹೋಗಿ ಕಂಪನಿಯ ಪರೀಕ್ಷಾ ಪತ್ರ ತಂದು ತೋರಿಸಿದರು. ನೇಯ್ಗೆ, ಲ್ಯಾಮಿನೇಷನ್ ಎರಡಕ್ಕೂ ಹಾಕಿದ್ದೆಂದು ಬರೆದಿತ್ತು, ಐಎಸ್ 7903 ಎಂಬ ಗುರುತು ಮಾಲಿನ ಮೇಲೂ ಇತ್ತು. ಎಚ್‌ಡಿಪಿಇ ನೇಯ್ಗೆಯ ತಾಡಪತ್ರಿಗೆ ಭಾರತೀಯ ಮಾನಕ ಅದೇ, ಯುವಿ ದೀಪದ ಕೆಳಗಿಟ್ಟ ಮೇಲೆ ಬಟ್ಟೆಯ ಬಲ ಎಷ್ಟು ಉಳಿಯಬೇಕು ಎನ್ನುವ ಪರೀಕ್ಷೆ ಅದರಲ್ಲಿದೆ. ಪತ್ರ ತೋರಿಸಲು ಬೇಸರಪಡದ ಅಂಗಡಿಯೆಂದರೆ ನನಗೆ ಅರ್ಧ ವ್ಯಾಪಾರ ಮುಗಿದ ಹಾಗೆ.

ಆದರೂ ತೂಗಿ ನೋಡಿದೆ. 24 ಅಡಿಗೆ 18 ಅಡಿ ಎಂದರೆ 40 ಚದರ ಮೀಟರ್, 250 ಜಿಎಸ್‌ಎಂ ಆದರೆ 10 ಕೆಜಿ ಬರಬೇಕು. ಬಂದದ್ದು 9 ಕೆಜಿ 800 ಗ್ರಾಂ. ಇಷ್ಟು ಕೊರತೆ ನನಗೆ ತಕರಾರಲ್ಲ. ಕೃಷಿ ಇಲಾಖೆಯಿಂದ ಸಿಗುವ 8 ಮೀಟರ್‌ಗೆ 6 ಮೀಟರ್‌ನದೂ ಇದೇ ಲೆಕ್ಕದಲ್ಲಿ ತೂಗಿ ನೋಡಬಹುದು, 48 ಚದರ ಮೀಟರ್ ಆಗುತ್ತದೆ. ಆದರೆ ತೂಕ ಒಂದನ್ನೇ ನಂಬಬೇಡಿ. ಸುಣ್ಣದ ಕಲ್ಲಿನ ಪುಡಿಯ ಫಿಲ್ಲರ್ ಬೆರೆಸಿದರೆ ತೂಕ ಬರುತ್ತದೆ, ಬಲ ಬರುವುದಿಲ್ಲ. ಅದಕ್ಕೆ ಒಂದು ಉಪಾಯ. ಬೆರಳಗಲದ ತುಂಡನ್ನು ಸೋಪಿನ ನೀರಿನಲ್ಲಿ ಉಜ್ಜಿ, ಗಾಳಿಗುಳ್ಳೆ ಬಿಡಿಸಿ, ನೀರಿಗೆ ಬಿಡಿ. ಪಾಲಿಥಿಲೀನ್‌ನ ಸಾಂದ್ರತೆ ನೀರಿಗಿಂತ ಕಡಿಮೆ, ತೇಲಬೇಕು. ನೂರಕ್ಕೆ ಹತ್ತರಷ್ಟು ಫಿಲ್ಲರ್ ಬಿದ್ದರೆ ಮುಳುಗುತ್ತದೆ. ಅಂಗಡಿಯವರು ಮಾದರಿ ತುಂಡು ಕೊಟ್ಟರು, ನಮ್ಮದು ತೇಲಿತು.

ಮನೆಗೆ ತಂದ ಮೇಲೆ ಅದೇ ಮಾದರಿಯ ಒಂದು ಪಟ್ಟಿ ಮಾಳಿಗೆ ಮೇಲೆ ಕಟ್ಟಿದೆ, ಇನ್ನೊಂದನ್ನು ಟ್ರಂಕಿನಲ್ಲಿಟ್ಟೆ. ಬೇಸಿಗೆ ಕಳೆದ ಮೇಲೆ ಎರಡನ್ನೂ ಕೈಯಲ್ಲಿ ಎಳೆದರೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಸಿರು ಬಣ್ಣ ಸ್ವಲ್ಪ ಮಾಸಿದೆ, ಕಪ್ಪು ಬದಿ ಹಾಗೇ ಇದೆ. ಕಪ್ಪು ಎಂದರೆ ಕಾರ್ಬನ್, ಬೆಳಕನ್ನು ಒಳಗೆ ಬಿಡದ ಅಗ್ಗದ, ಒಳ್ಳೆಯ ಕಾವಲು. ರಾಶಿ ಮುಚ್ಚುವಾಗ ಕಪ್ಪು ಬದಿಯನ್ನೇ ಮೇಲೆ ಮಾಡಿ.

ಕುಂದು ಇಲ್ಲದಿಲ್ಲ. ಅಂಚಿನ ರಿಂಗುಗಳು ದೂರ ದೂರ ಇವೆ, ಗಾಳಿ ಬಂದರೆ ನಡುವಿನ ಭಾಗ ಎದ್ದು ಬಡಿಯುತ್ತದೆ. ಮೂಲೆಯ ಎರಡು ರಿಂಗು ಕಿತ್ತುಬಂದವು. ಅಂಚಿನೊಳಗಿನ ಹಗ್ಗಕ್ಕೆ ಯುವಿ ಹಾಕಿದಂತಿಲ್ಲ, ಹೊರಗೆ ಚಾಚಿದ ತುದಿ ಎಳೆ ಎಳೆಯಾಗಿದೆ. ಇಷ್ಟು ದುಡ್ಡಿನ ಮಾಲಿಗೆ ಹಗ್ಗದಲ್ಲಿ ಉಳಿಸಲು ಹೋದದ್ದು ಸರಿಯಲ್ಲ. ಮೈ ನುಣುಪು ಹೆಚ್ಚು, ಇಬ್ಬನಿ ಬಿದ್ದ ಬೆಳಗಿನಲ್ಲಿ ಅದರ ಮೇಲೆ ನಡೆಯುವ ಹೆಂಗಸರು ಜಾರುತ್ತಾರೆ. ಪ್ರತಿ ಸಲ ಒಂದೇ ಮಡಿಕೆಯಲ್ಲಿ ಮಡಚಿದ ಕಡೆ ಲ್ಯಾಮಿನೇಷನ್ ಬಿರುಕು ಬಿಡತೊಡಗಿದೆ. ಸುತ್ತಿಡುವುದು ಒಳ್ಳೆಯದು.

ಮೆಣಸಿನಕಾಯಿ ಬೆಳೆಯುವವರು ಇನ್ನೊಂದನ್ನು ಗಮನಿಸಲೇಬೇಕು. ಬೂದಿ ರೋಗಕ್ಕೆ ಗಂಧಕ ಹೊಡೆಯುತ್ತೇವಲ್ಲ, ಆ ಗಂಧಕವೇ ಹಾಲ್ಸ್‌ಗೆ ಶತ್ರು. ಹಾಲ್ಸ್ ಕ್ಷಾರ ಗುಣದ್ದು, ಗಂಧಕದಿಂದ ಹುಟ್ಟುವ ಆಮ್ಲ ಅದನ್ನು ಕಟ್ಟಿಹಾಕಿ ಕೆಲಸ ಮಾಡದಂತೆ ಮಾಡುತ್ತದೆ. ಕ್ಲೋರಿನ್ ಇರುವ ಕೀಟನಾಶಕಗಳದೂ ಇದೇ ಗುಣ. ಔಷಧಿ ಡಬ್ಬ, ಗಂಧಕದ ಚೀಲ ಮುಚ್ಚಲು ಒಳ್ಳೆ ತಾಡಪತ್ರಿ ಬಳಸಬೇಡಿ, ಅದಕ್ಕೆ ಹಳೆಯದು ಸಾಕು. ನಾವು ಗಂಧಕ ತಾಗಿದ ದಿನ ನೀರು ಹಾಕಿ ತೊಳೆದು ನೆರಳಲ್ಲಿ ಒಣಗಿಸಿಡುತ್ತೇವೆ.

ಚೀಲಕ್ಕೆ ಹೆಚ್ಚು ಹೇಳುವುದಿಲ್ಲ. ಗೋದಾಮಿನ ಒಳಗೆ ಇಡುವ ಭತ್ತ, ಅಕ್ಕಿಗೆ ಸಾದಾ ಪಾಲಿಪ್ರೊಪಿಲೀನ್ ಚೀಲ ಸಾಕು, ಯುವಿಗೆ ಹೆಚ್ಚಿನ ದುಡ್ಡು ಕೊಡಬೇಕಿಲ್ಲ. ಕಣದಲ್ಲೇ, ಮಿಲ್ಲಿನ ಅಂಗಳದಲ್ಲೇ ವಾರಗಟ್ಟಲೆ ನಿಲ್ಲುವ ಚೀಲವಾದರೆ ಯುವಿ ಹಾಕಿದ್ದನ್ನೇ ಕೇಳಿ ತನ್ನಿ. ಅಂಗಡಿಯಲ್ಲಿ ಜನವರಿ ಬಂತೆಂದರೆ ನಿಲ್ಲಲು ಜಾಗವಿರುವುದಿಲ್ಲ, 250 ಜಿಎಸ್‌ಎಂ ಮಾಲು ಬೇಗ ಖಾಲಿಯಾಗುತ್ತದೆ. ನವೆಂಬರ್ ಕೊನೆಗೆ ಹೋದರೆ ತೂಗಿ, ತೇಲಿಸಿ ನೋಡಲು ಅವರಿಗೂ ಪುರುಸೊತ್ತು ಇರುತ್ತದೆ.