ಗೋಡೆಯ ಮೇಲಿನ ಪೀರಿಯಾಡಿಕ್ ಟೇಬಲ್: ಮೂರು ತಿಂಗಳು ಬಳಸಿದ ಮೇಲೆ

ಮಗಳ ಓದುವ ಮೇಜಿನ ಎದುರಿಗೆ, ಧಾತುಗಳನ್ನೆಲ್ಲ ಕ್ರಮವಾಗಿ ಜೋಡಿಸಿದ ಈ ಚಾರ್ಟ್ ಹಾಕಿ ಮೂರು ತಿಂಗಳಾಯಿತು. ತುಂಬಾ ಇಷ್ಟವಾಗಿದೆ. ಒಂದು ತಪ್ಪು ಮಾತ್ರ ಇವತ್ತಿಗೂ ಕಣ್ಣಿಗೆ ಚುಚ್ಚುತ್ತದೆ.

ಪ್ರತಿ ಚೌಕದಲ್ಲೂ ಪರಮಾಣು ಸಂಖ್ಯೆ (ನ್ಯೂಕ್ಲಿಯಸ್ಸಿನ ಪ್ರೋಟಾನ್‌ಗಳ ಎಣಿಕೆ) ದಪ್ಪಗೆ ಮೇಲಿದೆ, ಪರಮಾಣು ರಾಶಿ (ಪರಮಾಣು ಎಷ್ಟು ಭಾರ ಎಂಬುದು) ಸಣ್ಣದಾಗಿ ಕೆಳಗಿದೆ. ಇದು ಸರಿಯಾದ ಆಯ್ಕೆ. ಒಂದು ಸಂಜೆ ಮಗಳು, "ಅಮ್ಮಾ, ಇಲ್ಲಿ ಪ್ರಿಂಟ್ ತಪ್ಪಾಗಿದೆ" ಎಂದಳು. 52ನೇ ಟೆಲುರಿಯಂ ರಾಶಿ 127.6, ಅದರ ಮುಂದಿನ ಅಯೋಡಿನ್‌ದು 126.9. ಭಾರದ್ದು ಮೊದಲು ಬಂದಿದೆ, ಅಲ್ವಾ? ತಪ್ಪಲ್ಲ. 1869ರಲ್ಲಿ ರಷ್ಯಾದ ರಸಾಯನ ವಿಜ್ಞಾನಿ ಮೆಂಡಲೀವ್ ರಾಶಿ ನೋಡಿಯೇ ಧಾತುಗಳನ್ನು ಜೋಡಿಸಿದ್ದರು. ಆದರೂ ಅಯೋಡಿನ್ ಗುಣದಲ್ಲಿ ಕ್ಲೋರಿನ್, ಬ್ರೋಮಿನ್ ಜೊತೆಯದು ಎಂದು ಅದನ್ನು ಟೆಲುರಿಯಂ ಆದಮೇಲೆ ಇಟ್ಟರು. ಕಾರಣ ತಿಳಿದದ್ದು ಆಮೇಲೆ. 1913ರಲ್ಲಿ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಧಾತುಗಳು ಸೂಸುವ ಎಕ್ಸ್‌ರೇ ಅಳೆದು, ಸಾಲು ನಡೆಯುವುದು ನ್ಯೂಕ್ಲಿಯಸ್ಸಿನ ವಿದ್ಯುದಾವೇಶದ ಲೆಕ್ಕದಲ್ಲಿ, ಅಂದರೆ ಪ್ರೋಟಾನ್‌ಗಳ ಲೆಕ್ಕದಲ್ಲಿ ಎಂದು ತೋರಿಸಿದರು. ಇದನ್ನು ಹೇಳಿದ ಮೇಲೆ ಮಗಳು ಸುಮ್ನೆ ಕೂರಲಿಲ್ಲ. ಹೀಗೇ ಭಾರದ್ದು ಮೊದಲು ಬರುವ ಆರ್ಗಾನ್-ಪೊಟ್ಯಾಸಿಯಂ, ಕೋಬಾಲ್ಟ್-ನಿಕಲ್ ಜೋಡಿಗಳನ್ನೂ ತಾನೇ ಹುಡುಕಿದಳು. ಅಂಕಿಗಳು ಅಷ್ಟು ಸ್ಪಷ್ಟವಾಗಿವೆ.

ಚೌಕದ ಮೂಲೆಯಲ್ಲಿ ಧಾತು ಸಿಕ್ಕ ವರ್ಷವೂ ಇದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಗ್ಯಾಲಿಯಂ 1875, ಜರ್ಮೇನಿಯಂ 1886. ಮೆಂಡಲೀವ್ ಇವೆರಡಕ್ಕೂ ಮೊದಲೇ ಜಾಗ ಖಾಲಿ ಬಿಟ್ಟಿದ್ದರು. ಜರ್ಮೇನಿಯಂ ರಾಶಿ 72 ಇರಬಹುದು ಎಂದಿದ್ದರು. ಚಾರ್ಟಿನಲ್ಲಿ 72.63 ಇದೆ. ಬೆರಳಿಟ್ಟು ತೋರಿಸುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ಆ ತಪ್ಪು. ಆರನೇ ಸಾಲಿನಲ್ಲಿ 56ನೇ ಬೇರಿಯಂ ಆದಮೇಲೆ ಒಂದು ಖಾಲಿ ಚೌಕ, ಆಮೇಲೆ ನೇರ 72ನೇ ಹಾಫ್ನಿಯಂ. 57ರಿಂದ 71 ಎಲ್ಲಿ ಹೋದವು ಎಂದು ಸೂಚಿಸಲು ಅಂಕಿಯೂ ಇಲ್ಲ, ಬಾಣವೂ ಇಲ್ಲ. ಅವು ಕೆಳಗೆ ಬೇರೆ ಪಟ್ಟಿಯಲ್ಲಿವೆ. ಏಳನೇ ಸಾಲಿನ 89ರಿಂದ 103ರ ಕಥೆಯೂ ಇದೇ. ಮಗಳು ಇವು ಎಕ್ಸ್‌ಟ್ರಾ ಧಾತುಗಳು ಎಂದುಕೊಂಡಿದ್ದಳು. ನಿಜವಾಗಿ ಅವು ಆ ಸಾಲುಗಳ ಮಧ್ಯದವೇ. ಅಲ್ಲೇ ಇಟ್ಟರೆ ಟೇಬಲ್ 18ರ ಬದಲು 32 ಕಂಬಸಾಲು ಅಗಲವಾಗುತ್ತದೆ, ಕಾಗದದಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಕೆಳಗಿಳಿಸುತ್ತಾರೆ. ಕಲಿಯುವ ಮಕ್ಕಳಿಗೆ ಮಾಡಿದ ಚಾರ್ಟಿನಲ್ಲಿ ಈ ಗುರುತು ಬಿಡಬಾರದಿತ್ತು. ನಾನು ಎರಡು ಚೀಟಿ ಬರೆದು ಅಂಟಿಸಿದೆ.

ಹೈಡ್ರೋಜನ್‌ಗೂ ಲಿಥಿಯಂ, ಸೋಡಿಯಂ ಬಣ್ಣವನ್ನೇ ಕೊಟ್ಟಿದ್ದಾರೆ. ಅದು ಲೋಹವಲ್ಲ, ಅನಿಲ. ಬೇರೆ ಬಣ್ಣ ಬೇಕಿತ್ತು. ಲ್ಯಾಮಿನೇಶನ್ ಗಟ್ಟಿಯಾಗಿದೆ, ಆದರೆ ದೀಪದ ಬೆಳಕು ಬಿದ್ದರೆ ಹೊಳೆದು ಬಲತುದಿಯ ಜಡ ಅನಿಲಗಳ ಕಂಬಸಾಲು ಕಾಣುವುದೇ ಇಲ್ಲ. ಕಿಟಕಿಯ ಎದುರಿಗೂ ಹಾಕಬೇಡಿ.

ಕೊಳ್ಳುವ ಮುಂಚೆ 113ನೇ ಚೌಕ ನೋಡಿ. ಅಲ್ಲಿ ನಿಹೋನಿಯಂ ಇರಬೇಕು. ಉನುನ್‌ಟ್ರಿಯಂ ಎಂಬ ಹಳೆಯ ತಾತ್ಕಾಲಿಕ ಹೆಸರಿದ್ದರೆ ಅದು 2016ಕ್ಕಿಂತ ಹಿಂದಿನ ಪ್ರತಿ. ನಮ್ಮದರಲ್ಲಿ 118ನೇ ಒಗನೆಸ್ಸಾನ್‌ವರೆಗೂ ಹೆಸರುಗಳು ಸರಿಯಾಗಿವೆ. ಐದಕ್ಕೆ ನಾಲ್ಕು ಸ್ಟಾರ್.