ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಜೆಲ್: ಕಲಬುರಗಿ ಬಿಸಿಲಲ್ಲಿ ಬಳಸಿ ನೋಡಿದ್ದು

ಜೆಲ್ ಚೆನ್ನಾಗಿದೆ, ಟ್ಯೂಬ್ ಚಿಕ್ಕದು. ಹೋದ ವರ್ಷದ ಬೇಸಿಗೆಯಿಂದ ಇದನ್ನೇ ತರಿಸುತ್ತಿದ್ದೇನೆ. ನಾಲ್ಕು ಸ್ಟಾರ್.

ಡಬ್ಬಿ ಮೇಲೆ ಎರಡು ಲೆಕ್ಕ ಇರುತ್ತವೆ. ಎಸ್‌ಪಿಎಫ್ ಅಂದರೆ ಚರ್ಮ ಸುಡುವ ಯುವಿಬಿ ಕಿರಣದ್ದು. ಪಿಎ ಮುಂದಿನ ಪ್ಲಸ್‌ಗಳು ಕಪ್ಪು ಕಲೆ, ಸುಕ್ಕು ತರುವ ಯುವಿಎದ್ದು. ಎಸ್‌ಪಿಎಫ್ 30 ಯುವಿಬಿಯಲ್ಲಿ ನೂರಕ್ಕೆ ಸುಮಾರು 97 ತಡೆದರೆ, 50 ತಡೆಯೋದು 98. ಅಷ್ಟೇ! 100 ಅಂತ ಬರೆದಿದ್ದಕ್ಕೆ ಜಾಸ್ತಿ ದುಡ್ಡು ಕೊಡೋದು ಸುಮ್ನೆ ದಂಡ.

ಎಷ್ಟು ಹಚ್ಚುತ್ತೀರಿ ಅನ್ನೋದೇ ಮುಖ್ಯ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಡಲೆಕಾಳಿನಷ್ಟು ಸವರಿದರೆ ಬರೆದಷ್ಟು ರಕ್ಷಣೆ ಸಿಗೋದಿಲ್ಲ. ಎರಡು ಬೆರಳು ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ದಿನಕ್ಕೆ ಎರಡು ಸಲ ಅಂದರೂ 50 ಗ್ರಾಂ ಟ್ಯೂಬ್ ತಿಂಗಳು ಬರೋದಿಲ್ಲ. ಒಂದು ಸ್ಟಾರ್ ಹೋಗಿದ್ದು ಇದಕ್ಕೇ.

ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟೋದು ಹೊಸದೇನಲ್ಲ. ಮಧ್ಯಾಹ್ನ ಗಾಡಿ ಮೇಲೆ ಸೂಪರ್ ಮಾರ್ಕೆಟ್‌ಗೆ ಹೋಗಿ ಬಂದರೂ ಮುಖ ಜಿಡ್ಡಾಗಲಿಲ್ಲ, ಬಿಳಿ ಪದರವೂ ಕಾಣಲಿಲ್ಲ. ಬೆವರಿಗೆ ಇಳಿದು ಕಣ್ಣು ಸ್ವಲ್ಪ ಉರಿಯುತ್ತದೆ, ಹಾಗಾಗಿ ರೆಪ್ಪೆ ಹತ್ತಿರ ಹಚ್ಚೋದಿಲ್ಲ. ವೇಲ್ ಕಟ್ಟಿಕೊಂಡರೆ ಜೆಲ್ ಉಜ್ಜಿ ಹೋಗುತ್ತದೆ. ಆದರೆ ವೇಲ್ ಬಿಡಬೇಡಿ, ಅರ್ಧ ಕೆಲಸ ಅದೇ ಮಾಡುತ್ತದೆ. ಹೊರಡೋಕೆ ಕಾಲು ಗಂಟೆ ಮೊದಲು ಹಚ್ಚಿ, ಒಣಗಿದ ಮೇಲೆ ಕಟ್ಟಿಕೊಳ್ಳಿ.

ಗಾಡಿ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ. ನಮ್ಮ ವೈನಿ ಇಟ್ಟಿದ್ದರು, ನೀರೇ ಬೇರೆ, ಜೆಲ್ಲೇ ಬೇರೆ ಆಗಿತ್ತು. ಹಾಗೆ ಒಡೆದದ್ದು ಚರ್ಮದ ಮೇಲೆ ಸಮನಾಗಿ ಕೂರೋದಿಲ್ಲ, ಎಸೆಯೋದೇ.

ಇದರಲ್ಲಿ ಸುವಾಸನೆ ಹಾಕಿದ್ದಾರೆ. ಕೆಲವರಿಗೆ ಅಲರ್ಜಿ ಆಗೋದು ಅದರಿಂದಲೇ. ಮೊದಲು ಮೊಣಕೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ಮುಖಕ್ಕೆ.

ಇನ್ನೊಂದು ಮಾತು. ಸನ್‌ಸ್ಕ್ರೀನ್ ಕೇಳಿದರೆ ಒಬ್ಬ ಅಂಗಡಿಯವರು "ಇದನ್ನ ಹಚ್ಕೊಳ್ರಿ ಮೇಡಂ, ಹದಿನೈದು ದಿನದಾಗ ಬೆಳ್ಳಗ ಆಗ್ತೀರಿ" ಅಂತ ಬೇರೇನೋ ಕ್ರೀಮ್ ಕೊಟ್ಟರು. ಡಬ್ಬಿ ಮೇಲೆ ತಯಾರಿಸಿದವರ ವಿಳಾಸವಿಲ್ಲ, ಲೈಸೆನ್ಸ್ ನಂಬರ್ ಇಲ್ಲ. ಇಂಥ ಕ್ರೀಮ್‌ಗಳಲ್ಲಿ ಪಾದರಸ, ಸ್ಟಿರಾಯ್ಡ್ ಸಿಕ್ಕಿದ ಉದಾಹರಣೆಗಳಿವೆ. ಪಾದರಸ ಕಿಡ್ನಿಗೆ ಕುತ್ತು. ಸ್ಟಿರಾಯ್ಡ್ ಚರ್ಮ ತೆಳುವಾಗಿಸುತ್ತದೆ, ಆಮೇಲೆ ಈ ಬಿಸಿಲು ತಡೆಯೋದು ಹೇಗೆ? ವಾಪಸ್ ಕೊಟ್ಟು ಬಂದೆ.